ಏಳನೇ ತಾರೀಕಿಗೆ ಮುಂಚೆ ಒಂದಿಷ್ಟು ಸಂಬಳ

ನಾನು ಎಷ್ಟೇ ಅಚ್ಚುಕಟ್ಟಾಗಿ ಏರ್ಪಾಡು ಮಾಡಲಿ, ನಮ್ಮ ಕಾರ್ಖಾನೆಯಲ್ಲಿ ಅದು ನಗೆಪಾಟಲಾಗದೆ ಮುಗಿದದ್ದು ಅಪರೂಪ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ರೇಡಿಯೋಗಳಿಗೆ ಕಾಯಿಲ್ ಸುತ್ತುವ ಕಾರ್ಖಾನೆಯಲ್ಲಿ ನಾನು ಹೆಂಗಸರ ವಿಭಾಗದ ಮೇಟ್ರನ್. ಕಾನ್ವೆಂಟಿನಲ್ಲಿ ಓದಿ ಬೆಳೆದವಳು. ಜಡೆ ಬಿಗಿಯಾಗಿ ಹೆಣೆದಿರದಿದ್ದರೆ, ಉಗುರಿನಲ್ಲಿ ಕೊಳೆಯಿದ್ದರೆ ಯಾರನ್ನೂ ಯಂತ್ರದ ಮುಂದೆ ಕೂರಿಸುತ್ತಿರಲಿಲ್ಲ.

ಸಂಬಳ ಸಿಗುತ್ತಿದ್ದುದು ಮುಂದಿನ ತಿಂಗಳ ಏಳಕ್ಕೆ. ಇಪ್ಪತ್ತನೇ ತಾರೀಕು ಬಂತೆಂದರೆ ನಮ್ಮ ಹೆಂಗಸರ ಮನೆಯ ಹಿತ್ತಾಳೆ ಪಾತ್ರೆ, ದೀಪ ಎಲ್ಲ ಒಂದೊಂದಾಗಿ ವಿಜಯನಗರದ ಗಿರವಿ ಅಂಗಡಿ ಸೇರುತ್ತಿದ್ದವು. ಬಡ್ಡಿ ಕಟ್ಟಿ ಬಿಡಿಸಿಕೊಳ್ಳುವುದು, ಮತ್ತೆ ಇಡುವುದು. ಆಗಲೇ ದುಡಿದ ದಿನಗಳ ಸಂಬಳದಲ್ಲಿ ಅರ್ಧವನ್ನಾದರೂ ಇಪ್ಪತ್ತಕ್ಕೇ ಕೊಡಿಸಿಯೇ ತೀರುತ್ತೇನೆಂದು ನಾನು ಹಟ ಹಿಡಿದೆ. ಆ ದಿನಗಳಲ್ಲಿ ನನಗಿದ್ದ ಹುರುಪು ನೆನೆದರೆ ಈಗಲೂ ಬೆರಗಾಗುತ್ತದೆ.

ಓಡಿಹೋಗುವವರು

ಮೊದಲು ಹೋದದ್ದು ಅಕೌಂಟೆಂಟರ ಹತ್ತಿರ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ ಭಾಷಣವನ್ನು ಇಂಗ್ಲಿಷಿನಲ್ಲಿ ತಡವರಿಸದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಪೆನ್ನಿಗೆ ಕ್ಯಾಪ್ ಹಾಕಿ, ದುಡ್ಡು ಮೊದಲೇ ಕೈಗೆ ಸಿಕ್ಕಿ ಇವರೆಲ್ಲ ಓಡಿಹೋದರೆ ಯಾರು ಜವಾಬ್ದಾರಿ ಎಂದು ಕೇಳಿದರು.

ಅದು ಅವರು ಈಗಾಗಲೇ ಮಾಡಿ ಮುಗಿಸಿದ ಕೆಲಸದ ದುಡ್ಡು, ದುಡ್ಡು ಇರುವುದು ನಮ್ಮ ಕೈಯಲ್ಲಿ, ಹಾಗಾಗಿ ಓಡಿಹೋದರೆ ನಾವೇ ಓಡಿಹೋಗಬೇಕು ಎಂದೆ.

ಅಕೌಂಟೆಂಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: "ನಾನೆಲ್ಲಿ ಓಡ್ಲಿ ಮೇಡಂ, ನನಗೆ ಮಂಡಿನೋವು."

ಎಲ್ಲಾ ಚೆನ್ನಾಗಿದೆ

ಇವರಿಂದಾಗದು, ಕಾರ್ಖಾನೆಯ ಯಜಮಾನರನ್ನೇ ನೋಡಬೇಕು ಎಂದುಕೊಂಡೆ. ಕಷ್ಟ ಇದ್ದವರೇ ಹೇಳಿದರೆ ಮನಸ್ಸಿಗೆ ನಾಟುತ್ತದೆಂದು ಚೆನ್ನಾಗಿ ಮಾತಾಡುವ ಮೂವರು ಹೆಂಗಸರನ್ನು ಆರಿಸಿದೆ. ಊಟದ ಬಿಡುವಿನಲ್ಲಿ ದಿನವೂ ತಾಲೀಮು. ಬೆನ್ನು ನೆಟ್ಟಗಿರಬೇಕು, ಸೆರಗು ಕಚ್ಚಬಾರದು, ಕೇಳಿದ್ದಕ್ಕೆ ಗಟ್ಟಿಯಾಗಿ ಉತ್ತರ ಕೊಡಬೇಕು. ಒಬ್ಬಳು ಗಿರವಿ ಅಂಗಡಿಯ ಬಡ್ಡಿಯ ವಿಷಯ ಹೇಳುವಾಗ ನನಗೇ ಕಣ್ಣು ತುಂಬಿ ಬರುತ್ತಿತ್ತು.

ಆ ದಿನ ಮೂವರೂ ಯಜಮಾನರ ಮುಂದೆ ಸಾಲಾಗಿ ನಿಂತರು. ಅವರು ಒಳ್ಳೆಯವರೇ. ಕನ್ನಡಕ ತೆಗೆದು ಮೆತ್ತಗೆ ಕೇಳಿದರು, "ಹೇಗಿದೀರಮ್ಮ, ಮನೇಲೆಲ್ಲ ಚೆನ್ನಾಗಿದಾರಾ?"

ಮೂವರೂ ಒಂದೇ ದನಿಯಲ್ಲಿ, ಗಟ್ಟಿಯಾಗಿ: "ಎಲ್ಲಾ ಚೆನ್ನಾಗಿದೀವಿ ಸಾರ್, ನಿಮ್ಮ ಆಶೀರ್ವಾದ."

ಯಜಮಾನರು ನನ್ನ ಕಡೆ ತಿರುಗಿ, ಸುಮ್ಮನೆ ಗಾಬರಿಯಾಗಬೇಡಿ ಎಂದು ನನಗೇ ಸಮಾಧಾನ ಹೇಳಿ ಕಳಿಸಿದರು. ಹೊರಗೆ ಬಂದು, ಬಡ್ಡಿಯ ವಿಷಯ ಎಲ್ಲಿ ಹೋಯಿತೆಂದು ಕೇಳಿದೆ.

"ಅಷ್ಟು ದೊಡ್ಡೋರು ಮನೆಯವರನ್ನೆಲ್ಲ ವಿಚಾರಿಸ್ಕೋತಾ ಇದ್ರೆ, ಮೊದಲನೇ ಮಾತಿಗೇ ಕಷ್ಟ ತೋಡ್ಕೊಳ್ಳೋಕಾಗತ್ತಾ ಮೇಡಂ? ಎರಡನೇ ಸಲ ಕೇಳಿದ್ರೆ ಹೇಳೋಣ ಅಂತಿದ್ವಿ."

ಮುಂದಿನ ಸಾಲಿನ ಅತಿಥಿ

ಆ ವರ್ಷ ಆಯುಧಪೂಜೆ ತಿಂಗಳ ಕೊನೆಗೆ ಬಿತ್ತು. ಪೂಜೆಯ ದಿನ ಪ್ರತಿಯೊಬ್ಬ ಹೆಂಗಸೂ ಮನೆಯಿಂದ ಹಿತ್ತಾಳೆ ದೀಪ ತಂದು ತನ್ನ ಯಂತ್ರದ ಮುಂದೆ ಹಚ್ಚುವುದು ನಮ್ಮ ವಿಭಾಗದ ಪದ್ಧತಿ. ಯಜಮಾನರಿಗೆ ಅದೆಂದರೆ ಬಲು ಹೆಮ್ಮೆ. ಈ ಸಲ ಒಂದು ದೀಪವೂ ಮನೆಯಲ್ಲಿಲ್ಲ, ಎಲ್ಲವೂ ಗಿರವಿ ಅಂಗಡಿಯಲ್ಲಿ.

ಜೀವಮಾನದಲ್ಲಿ ಮೊದಲ ಸಲ ನಾನು ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದೆ, ಛತ್ರಿಯಿಂದ ಮುಖ ಮರೆಮಾಡಿಕೊಂಡು. ಒಂದು ದಿನದ ಮಟ್ಟಿಗೆ ದೀಪಗಳನ್ನು ಕೊಡಿ ಎಂದು ಅಂಗಡಿಯ ಸೇಟನ್ನು ಕೇಳಿದೆ. ಅವರು ಒಪ್ಪಿದರು. ಆದರೆ ದೀಪದ ಜೊತೆಗೆ ತಾನೂ ಬರುತ್ತೇನೆ, ಪೂಜೆ ಮುಗಿದೊಡನೆ ಎಲ್ಲವನ್ನೂ ವಾಪಸು ಒಯ್ಯುತ್ತೇನೆ ಎಂದರು.

ಪೂಜೆಯ ದಿನ ಜಟಕಾದಲ್ಲಿ ದೀಪಗಳು ಬಂದವು, ಜೊತೆಗೆ ಸೇಟು. ಬೆಳ್ಳಗಿನ ಪಂಚೆ, ಕರೀ ಕೋಟು, ಟೋಪಿ. ದೀಪಗಳ ಮೇಲೆ ಕಣ್ಣಿಡಲು ಅನುಕೂಲವೆಂದು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತುಬಿಟ್ಟರು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಅವರು ನಮಸ್ಕಾರ ಮಾಡಿದರು.

ಅಷ್ಟರಲ್ಲಿ ಯಜಮಾನರು ಬಂದರು. ಸೇಟನ್ನು ಕಂಡು ಬೊಂಬಾಯಿಯಿಂದ ಬಂದ ದೊಡ್ಡ ಗಿರಾಕಿಯೇ ಇರಬೇಕೆಂದು, ತಮಗೆ ಹಾಕಿದ್ದ ಸೇವಂತಿಗೆ ಹಾರ ತೆಗೆದು ಅವರ ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಯಜಮಾನರು ವಿನಯದಿಂದ, ತಮಗೂ ನಮ್ಮ ಕಂಪನಿಗೂ ಯಾವ ವ್ಯವಹಾರ ಎಂದು ವಿಚಾರಿಸಿದರು.

ಸೇಟು ಹಾರ ಸರಿಪಡಿಸಿಕೊಂಡು, ಸಂತೋಷದಿಂದಲೇ ಹೇಳಿದರು: "ನಮ್ಮದು ಗಿರವಿ ಅಂಗಡಿ ಸಾರ್. ನಿಮ್ಮ ಹೆಂಗಸರಿಗೆ ಇಪ್ಪತ್ತನೇ ತಾರೀಕು ನಾನು ಸಂಬಳ ಕೊಡ್ತೀನಿ. ಏಳನೇ ತಾರೀಕು ನೀವು ನನಗೆ ಕೊಡ್ತೀರಿ."

ಯಜಮಾನರು ಸಾಲಾಗಿ ಉರಿಯುತ್ತಿದ್ದ ದೀಪಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಕೊನೆಯ ದೀಪ ಮುಟ್ಟುವ ಹೊತ್ತಿಗೆ ಅವರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಮುಂದಿನ ತಿಂಗಳು ಇಪ್ಪತ್ತಕ್ಕೆ ಅರ್ಧ ಸಂಬಳ ಕೈಗೆ ಬಂತು. ಹೆಂಗಸರು ನನ್ನನ್ನು ಎತ್ತಿ ಕುಣಿಸುವುದೊಂದು ಬಾಕಿ. ಅದಕ್ಕೆ ನಾನು ಅವಕಾಶ ಕೊಡಲಿಲ್ಲ.

ಕೆಲವು ತಿಂಗಳ ಮೇಲೆ ಬಸ್ ಸ್ಟಾಪಿನಲ್ಲಿ ಸೇಟು ಸಿಕ್ಕಿದರು. ವ್ಯಾಪಾರ ಹೇಗಿದೆ ಎಂದು ಸೌಜನ್ಯಕ್ಕೆ ಕೇಳಿದೆ.

"ಅವತ್ತು ಹಾರ ಹಾಕಿದಾಗ ನನಗೆ ಮರ್ಯಾದೆ ಮಾಡ್ತಿದಾರೆ ಅಂದ್ಕೊಂಡೆ ಅಮ್ಮಾ," ಎಂದರು ಸೇಟು. "ಅಂಗಡಿ ಫೋಟೋಗೆ ಹಾಕ್ತಿದಾರೆ ಅಂತ ಗೊತ್ತಾಗ್ಲಿಲ್ಲ."