ಡೌನರ್ಸ್ ಗ್ರೋವ್‌ನ ತವರುಮನೆ

ನಮ್ಮ ವಂಶದ ಮೂಲಪುರುಷ ಒಬ್ಬ ಹೆಂಗಸು! ನಂಬಿಕೆ ಬರುವುದಿಲ್ಲವೇ? ಬಂದು ನೋಡಿ, ಬಾಯಿ ಇನ್ನೂ ಗಟ್ಟಿಮುಟ್ಟಾಗಿದೆ. ನನ್ನ ಅತ್ತೆ. ಷಿಕಾಗೋ ಸುತ್ತಮುತ್ತ ಕನ್ನಡ ಮಾತಾಡಬೇಕೆಂದರೆ ಗಂಡ, ಇಲ್ಲವೇ ಗೋಡೆ ಎನ್ನುವ ಕಾಲದಲ್ಲಿ ಡೌನರ್ಸ್ ಗ್ರೋವ್‌ಗೆ ಬಂದಿಳಿದವರು. ಗೋಡೆಯೇ ವಾಸಿ, ನಡುವೆ ಬಾಯಿ ಹಾಕುವುದಿಲ್ಲ ಎಂದು ಈಗಲೂ ಹೇಳುತ್ತಾರೆ.

ಹೊಸ ನಾಡಿಗೆ ಬಂದವರು ದೇವಸ್ಥಾನ ಕಟ್ಟುತ್ತಾರೆ, ಸಂಘ ಕಟ್ಟುತ್ತಾರೆ. ಅತ್ತೆ ತವರುಮನೆ ಕಟ್ಟಿದರು. ತಮಗಲ್ಲ, ಊರಿಗೆಲ್ಲ! ಗ್ಲೆಂಡೇಲ್ ಹೈಟ್ಸ್‌ನಲ್ಲಿ ಕನ್ನಡದ ಹುಡುಗಿಯೊಬ್ಬಳು ಚೊಚ್ಚಲ ಬಸುರಿ, ಅವಳ ತಾಯಿಗೆ ವೀಸಾ ಸಿಕ್ಕಿಲ್ಲ ಎಂದು ಯಾರೋ ಹೇಳಿದರಂತೆ. ಗುರುತಿಲ್ಲ, ಪರಿಚಯವಿಲ್ಲ. ಅತ್ತೆ ನೇರ ಅವಳ ಮನೆಗೆ ಹೋಗಿ, "ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕಮ್ಮ. ಏಳು, ಬಟ್ಟೆ ತುಂಬ್ಕೋ" ಎಂದು ಕರೆದುಕೊಂಡೇ ಬಂದರು. ಬಾಣಂತನ ಮುಗಿಸಿ, ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ ಹಾಕಿ, "ತವರಿಂದ ಬರಿ ಮಡ್ಲಲ್ಲಿ ಕಳಿಸ್ಬಾರ್ದು" ಎಂದು ಬೀಳ್ಕೊಟ್ಟರು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಬೇಸ್‌ಮೆಂಟಿಗೆ ಇಳಿದ ಮಾವನವರ ಹಾಸಿಗೆ ಮತ್ತೆ ಮೇಲೆ ಬರಲೇ ಇಲ್ಲ, ಪಾಪ! ಮಕ್ಕಳು ಗೆಸ್ಟ್ ರೂಮಿನಲ್ಲಿ ಸಿಗುತ್ತವೆ ಎಂದು ನನ್ನ ಗಂಡ ಬಹಳ ಕಾಲ ನಂಬಿದ್ದರು.

ಒಮ್ಮೆ ಕೂಸಿಗೆ ಎರೆದು ಸಾಂಬ್ರಾಣಿ ಹೊಗೆ ಹಾಕಿದಾಗ ಮನೆಯ ಅಲಾರಂ ಎಲ್ಲ ಒಟ್ಟಿಗೆ ಬಡಿದುಕೊಂಡವು. ಅಗ್ನಿಶಾಮಕದವರು ಗಂಟೆ ಬಾರಿಸುತ್ತ ಬಂದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಶೂಸ್ ಔಟ್‌ಸೈಡ್! ಬೇಬಿ ಇನ್‌ಸೈಡ್!" ಎಂದು ಗದರಿದರು. ಆರಡಿಯ ಆಳುಗಳು ಬೂಟು ಬಿಚ್ಚಿ, ಬಾಣಂತಿಯ ಅಂಟಿನುಂಡೆ ತಿಂದು, ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದರು.

ನನ್ನ ಸರದಿ ಬಂದಾಗ ಮಾತ್ರ ಫಜೀತಿ. ನಾವಿದ್ದದ್ದು ಡೆಟ್ರಾಯಿಟ್ ಕಡೆ. ನಮ್ಮಮ್ಮನಿಗೂ ಬರಲಾಗಲಿಲ್ಲ. ಊರಿಗೆಲ್ಲ ತವರಾದ ಮನೆ ಸೊಸೆಗೆ ತವರಾಗುವುದು ಹೇಗೆ? ಅದು ಅತ್ತೆಯ ಮನೆಯಲ್ಲವೇ! ಅತ್ತೆ ಒಂದು ದಿನ ಯೋಚಿಸಿ ಫೋನ್ ಮಾಡಿದರು.

"ನೋಡೇ, ಮೂರು ತಿಂಗಳು ನಾನು ನಿಮ್ಮತ್ತೆ ಅಲ್ಲ. ಅತ್ತೆತನಕ್ಕೆ ರಜ ಹಾಕಿದೀನಿ. ಹೊರಟು ಬಾ."

ರಜೆ ಎಂದರೆ ರಜೆ! ಸ್ವಂತ ಮಗನನ್ನೇ "ಅಳಿಯಂದಿರು ಬಂದ್ರು" ಎಂದು ಸ್ವಾಗತಿಸಿ, ಹೋಳಿಗೆ ಬಡಿಸಿ, "ಕತ್ತಲಾಗೋದ್ರೊಳಗೆ ಹೊರಡಿ, ಬಾಣಂತಿ ಇರೋ ಮನೇಲಿ ಅಳಿಯ ಉಳಿಯೋ ಪದ್ಧತಿ ಇಲ್ಲ" ಎಂದು ಅಟ್ಟುತ್ತಿದ್ದರು. "ಅಮ್ಮಾ, ಇದು ನಾನು ಬೆಳೆದ ಮನೆ!" ಎಂದು ನನ್ನ ಗಂಡ ಗೋಳಾಡಿದರೂ ಕೇಳಿಸಲಿಲ್ಲ. ಮೂರು ತಿಂಗಳು ಕಳೆದ ಮರುದಿನ ನಾನು ಸಾರು ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಇದೇನೇ ಇದು, ಉಪ್ಪಿನ ಡಬ್ಬ ಮಗುಚಿತಾ?" ಎಂದರು. ರಜೆ ಮುಗಿದಿತ್ತು.

ಮಾವನವರು ತೀರಿಕೊಂಡ ಮೇಲೂ ಅತ್ತೆ ಆ ಮನೆಯಲ್ಲಿ ಒಬ್ಬರೇ ಇದ್ದರು. ಹೋದ ಚಳಿಗಾಲದಲ್ಲಿ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಮೆಟ್ಟಿಲು ಇನ್ನು ಹತ್ತಕೂಡದು ಎಂದರು ಡಾಕ್ಟರು. ನಮ್ಮಲ್ಲಿಗೆ ಬನ್ನಿ ಎಂದು ನಾವು ಗೋಗರೆದೆವು. "ನಾನು ಬಂದ್ರೆ ಆ ಹುಡುಗೀರಿಗೆ ತವರೆಲ್ಲಿದೆ?" ಎಂದು ಹಟ ಹಿಡಿದರು. ಹೇಗೋ ಒಪ್ಪಿಸಿ ಮನೆ ಮಾರಾಟಕ್ಕಿಟ್ಟರೆ, ನೋಡಲು ಬಂದವರನ್ನೆಲ್ಲ "ಎನಿ ಗುಡ್ ನ್ಯೂಸ್?" ಎಂದು ಕೇಳಿ ಕೇಳಿ ಓಡಿಸಿದರು. ಕೊನೆಗೊಬ್ಬಳು ತುಂಬು ಬಸುರಿ ಬಂದಳು. ಅತ್ತೆ ಅವಳ ಕೈ ಹಿಡಿದು ಮೊದಲು ತೋರಿಸಿದ್ದು ಯಾವ ನಲ್ಲಿಯಲ್ಲಿ ಬಿಸಿನೀರು ಬೇಗ ಬರುತ್ತದೆ ಎಂಬುದನ್ನು. "ಇವಳಿಗೇ ಕೊಡಿ" ಎಂದರು. ಅಂತೂ ಮನೆ ಮಾರಾಟವಾಯಿತು.

ಹೊರಡುವ ದಿನ ಡ್ರೈವ್‌ವೇ ತುಂಬ ಕಾರು. ಗ್ಲೆಂಡೇಲ್ ಹೈಟ್ಸ್‌ನ ಆ ಮೊದಲ ಹುಡುಗಿ, ಈಗ ತಲೆ ನೆರೆತವಳು, ಮೊರ ಹಿಡಿದು ಮುಂದೆ ಬಂದಳು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ.

"ಅಮ್ಮ, ಸೆರಗು ಒಡ್ಡಿ."

ಅತ್ತೆ ವಾಕರ್ ಸಮೇತ ಹಿಂದೆ ಸರಿದರು. "ನನಗ್ಯಾಕ್ರೇ? ಗಂಡ ಇಲ್ದೋಳಿಗೆ ಮಡಿಲು ತುಂಬ್ತಾರಾ?"

"ತವರಿಂದ ಬರಿ ಮಡ್ಲಲ್ಲಿ ಕಳಿಸ್ಬಾರ್ದು. ನೀವೇ ಹೇಳಿದ್ದು" ಎಂದಳು ಅವಳು. ಅತ್ತೆ ಮೆಲ್ಲಗೆ ಸೆರಗು ಒಡ್ಡಿದರು.

ಸಾಮಾನಿನ ಗಾಡಿಯಲ್ಲಿ ನನ್ನ ಗಂಡ ಮುಂದೆ ಹೋದರು, ಹಿಂದೆ ನಮ್ಮ ಕಾರು. ಅಕ್ಕಿಯನ್ನು ಹಿಂದಿನ ಸೀಟಿನಲ್ಲಿಡಿ ಎಂದರೆ ಅತ್ತೆ ಬಿಡಲಿಲ್ಲ, ಸೆರಗು ಬಿಗಿಹಿಡಿದೇ ಕೂತರು. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು.

"ನಿನ್ ಗಂಡ ಹುಟ್ದಾಗ ಆಸ್ಪತ್ರೆಯಿಂದ ಬಂದು ನಾನೇ ಅನ್ನಕ್ಕಿಟ್ಟೆ. ಯಾರೂ ಇರ್ಲಿಲ್ಲ ಕಣೇ. ತವರಿಂದ ಹೊರಡೋದು ಹೇಗಿರುತ್ತೆ ಅಂತ ಇವತ್ತು ಗೊತ್ತಾಯ್ತು."

ಮುಂದಿನ ಎಕ್ಸಿಟ್‌ನಲ್ಲಿ ಕಾರು ಇಳಿಸಿ ನಿಲ್ಲಿಸಿದೆ. ಅಳುತ್ತ ಡ್ರೈವ್ ಮಾಡುವುದು ನನಗೆ ಬರುವುದಿಲ್ಲ.