ಪ್ಲಾಸ್ಟಿಕ್ ಹುಲ್ಲಿನ ಮೇಲೆ ಚರಗ

ಸಿಟ್ಟು ಮಾಡಿಕೊಳ್ಳುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟ ಗಳಿಗೆಯಿಂದ ಸಂಜೆ ಬಸ್ಸು ಹತ್ತುವವರೆಗೂ ಆ ಕೆಲಸವನ್ನು ನಾನು ಬಹಳ ನಿಷ್ಠೆಯಿಂದ ಮಾಡುತ್ತೇನೆ. ಜೇವರ್ಗಿ ಕಾಲೋನಿಯ ನಮ್ಮ ಡಾಕ್ಟರು ಬಿ.ಪಿ. ನೋಡಿ ಗಾಬರಿಯಾಗಿ, "ಏನ್ ಕೆಲಸ ಮಾಡ್ತೀರಿ ನೀವು?" ಎಂದು ಕೇಳಿದರು. "ಮಂದಿನ್ನ ನಗಸೋ ಕೆಲಸ ರೀ" ಅಂದೆ. ಅವರು ಕೂಡಲೇ ಗುಳಿಗೆಯನ್ನು ದಿನಕ್ಕೆರಡು ಮಾಡಿದರು.

ಸುಳ್ಳು ಹೇಳಲಿಲ್ಲ ನಾನು. ಕಲಬುರಗಿಯಿಂದ ಕಮಲಾಪುರದ ಕಡೆಗೆ ಹೊರಟರೆ ಮಹಾಗಾಂವ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ಒಂದು ದೊಡ್ಡ ಜಾರುಬಂಡಿಯೂ ಒಂದು ದೊಡ್ಡ ತಿರುಗುಚಕ್ರವೂ ಕಾಣಿಸುತ್ತವೆ. ಅದೇ ನಮ್ಮ ಥೀಮ್ ಪಾರ್ಕು. ಅಲ್ಲಿ ನಾನು ಡ್ಯೂಟಿ ಮ್ಯಾನೇಜರ್. ಈ ಪಾರ್ಕಿನ ಒಡೆತನ ಮುಂಬೈಯ ಒಂದು ಕಂಪನಿಯದು. ಅದನ್ನು ನಡೆಸುವ ದೊಡ್ಡ ದೊಡ್ಡ ಸಾಹೇಬರೆಲ್ಲ ಅಲ್ಲಿಯೇ ಯಾವುದೋ ಎತ್ತರದ ಕಟ್ಟಡದ ತಣ್ಣನೆಯ ಕೋಣೆಯಲ್ಲಿ ಕೂತಿರುತ್ತಾರೆ. ಖಾನಾವಳಿ ನಡೆಸುವವನು ಒಂದು ಸಲವಾದರೂ ತನ್ನ ಸಾರನ್ನು ನಾಲಿಗೆಗೆ ಹಚ್ಚಿ ನೋಡಬೇಕು, ಬಸ್ಸಿನ ಮಾಲೀಕ ಒಂದು ಸಲವಾದರೂ ಹಿಂದಿನ ಸೀಟಿನಲ್ಲಿ ಕೂತು ತನ್ನ ಸೊಂಟದ ಗತಿ ಏನಾಗುತ್ತದೆಂದು ತಿಳಿಯಬೇಕು ಎನ್ನುವವನು ನಾನು. ಈ ಸಾಹೇಬರುಗಳಿಗೆ ತಾವು ನಡೆಸುತ್ತಿರುವುದು ಏನು, ಅಲ್ಲಿಗೆ ಬರುವವರು ಯಾರು, ಯಾಕೆ ಬರುತ್ತಾರೆ ಎಂಬುದು ನಿಜವಾಗಿಯೂ ಗೊತ್ತಿದೆಯೇ? ಇಲ್ಲ. ಇಲ್ಲ ಅಂದರೆ ಇಲ್ಲ. ಇದನ್ನು ಸ್ಟಾಂಪ್ ಪೇಪರಿನ ಮೇಲೆ ಬೇಕಾದರೂ ಬರೆದುಕೊಡುತ್ತೇನೆ.

ಪೆಂಗ್ವಿನ್ನಿನ ವಿಷಯವನ್ನೇ ತೆಗೆದುಕೊಳ್ಳಿ. ಕಂಪನಿಯ ಎಲ್ಲ ಪಾರ್ಕುಗಳ ಬಾಗಿಲಲ್ಲೂ ಒಂದೇ ಪ್ರಾಣಿ ನಿಂತು ಮಕ್ಕಳ ಕೈ ಕುಲುಕಬೇಕೆಂದು ಅವರ ಆಜ್ಞೆ. ಬಿಸಿಲಿಗೆ ಬೇವಿನ ಮರದ ಕಾಗೆಯೇ ಬಾಯಿ ತೆರೆದು ಕೂರುವ ಊರಿಗೆ ಹಿಮದ ಹಕ್ಕಿ ಬಂತು. ಅದರ ವೇಷ ತೊಟ್ಟವನು ಅರ್ಧ ಗಂಟೆಗೊಮ್ಮೆ ತಲೆ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಎಳನೀರು ಕುಡಿಯುತ್ತಿದ್ದ. ಒಂದು ಮಗು ಅದನ್ನು ನೋಡಿದ್ದೇ, "ಯವ್ವಾ, ಎಷ್ಟು ದೊಡ್ಡ ಕಾಗಿ!" ಎಂದು ಚೀರಿ ತಾಯಿಯ ಸೆರಗು ಹಿಡಿಯಿತು. ಮಕ್ಕಳು ಹೀಗೆ ಹೆದರುತ್ತಿವೆ ಎಂದು ನಾನು ಮುಂಬೈಗೆ ತಿಳಿಸಿದೆ. ಪಕ್ಕದಲ್ಲಿ 'ಇದು ಪೆಂಗ್ವಿನ್' ಎಂದು ಬೋರ್ಡು ಹಾಕಿಸಿ ಎಂಬ ಉತ್ತರ ಬಂತು. ಹಾಕಿಸಿದೆವು. ಓದು ಬಾರದ ಮಕ್ಕಳು ಈಗಲೂ ಚೀರುತ್ತವೆ.

ಬೇಸಿಗೆಯಲ್ಲಿ ಇನ್ನೊಂದು ಅವಾಂತರ. ಮಧ್ಯಾಹ್ನ ಜನ ಕಡಿಮೆ ಎಂದು ಯಾರೋ ಕಂಪ್ಯೂಟರಿನಲ್ಲಿ ಕಂಡುಹಿಡಿದರು. ಕೂಡಲೇ ಮೇ ತಿಂಗಳಲ್ಲಿ ನಡುಮಧ್ಯಾಹ್ನದ ಹೊತ್ತಿಗೆ ಅರ್ಧ ದರದ ಟಿಕೆಟ್ ಎಂದು ಊರ ತುಂಬ ಬ್ಯಾನರ್ ಕಟ್ಟಿಸಿದರು. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಬೀದಿ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಜಾರುಬಂಡಿಯ ಕಬ್ಬಿಣದ ಮೆಟ್ಟಿಲ ಮೇಲೆ ರೊಟ್ಟಿ ಬಡಿದು ಹಾಕಿದರೆ ಬೇಯುತ್ತಿತ್ತು. ಒಬ್ಬನೇ ಒಬ್ಬ ಮನುಷ್ಯ ಬಂದ. ಸಂಭ್ರಮದಿಂದ ಎದುರು ಹೋಗಿ ಸ್ವಾಗತಿಸಿದರೆ ಅವನು ಕರೆಂಟಿನ ಮೀಟರ್ ನೋಡಲು ಬಂದವನು. ಜನ ಯಾಕೆ ಬರಲಿಲ್ಲ ಎಂಬುದಕ್ಕೆ ನನ್ನಿಂದ ವಿವರಣೆ ಕೇಳಿದರು. ಬಿಸಿಲು ಎಂದೆ. ಬಿಸಿಲಿಗೆ ಪರಿಹಾರವೇನು ಎಂದು ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಹತ್ತಿರ ಏನು ಮಾತಾಡುವುದು?

ಇವೆಲ್ಲ ಸಣ್ಣ ಸಿಟ್ಟುಗಳು, ಹೋಗಲಿ ಬಿಡಿ. ನಾನು ಹೇಳಹೊರಟದ್ದು ಎಳ್ಳಮಾವಾಸ್ಯೆಯ ದೊಡ್ಡ ಸಿಟ್ಟನ್ನು.

ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಅಂದು ಊರಲ್ಲಿ ಯಾರೂ ಇರುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು, ನೆಂಟರು, ಸ್ನೇಹಿತರು, ಜಾತಿ ಧರ್ಮ ಅನ್ನದೆ ಕಂಡಕಂಡವರನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿತಾಯಿಗೆ ಉಣಿಸಬೇಕು. ಅಡಿಗೆಯನ್ನೆಲ್ಲ ಕಲಸಿ, ಕೂಗು ಹಾಕುತ್ತಾ ಬೆಳೆಯ ನಡುವೆ ಎರಚುತ್ತಾರೆ. ಅದಕ್ಕೇ ಚರಗ ಚೆಲ್ಲುವುದು ಅನ್ನುವುದು. ಆಮೇಲೆ ಮನುಷ್ಯರ ಪಾಳಿ. ಹೊಲವಿಲ್ಲದ ಪಟ್ಟಣದವರು ಎಲ್ಲಿ ಒಂದಿಷ್ಟು ಹಸಿರು ಕಂಡರೆ ಅಲ್ಲಿ, ಗಾರ್ಡನ್ನಿನಲ್ಲೋ ಕೆರೆಯ ದಂಡೆಯಲ್ಲೋ, ಚಾದರ ಹಾಸಿ ಬುತ್ತಿ ಬಿಚ್ಚುತ್ತಾರೆ.

ನಮ್ಮ ಎದುರು ಮನೆಯ ಮುದುಕಿ ಶಾಂತಮ್ಮಾಯಿಗೆ ಶರಣಸಿರಸಗಿಯಲ್ಲಿ ಹೊಲವಿತ್ತು. ಈಗ ಅದು ಲೇಔಟು. ಆಯಿ ಚರಗ ಚೆಲ್ಲುತ್ತಿದ್ದ ಜಾಗದಲ್ಲಿ ಯಾರದೋ ಕಾರಿನ ಶೆಡ್ಡಿದೆ. ಮಗ ದುಡ್ಡನ್ನು ಸರಿಯಾಗಿಯೇ ಬ್ಯಾಂಕಿನಲ್ಲಿ ಇಟ್ಟಿದ್ದಾನೆ, ಆಯಿಗೆ ಯಾವ ಕೊರತೆಯೂ ಇಲ್ಲ. ಆದರೆ ಅಮಾವಾಸ್ಯೆ ಹತ್ತಿರ ಬಂದರೆ ಸುಮ್ಮನೆ ಮಂಕಾಗಿ ಕೂತುಬಿಡುತ್ತಾಳೆ. ಹೋದ ವರ್ಷ ಗಾರ್ಡನ್ನಿಗೆ ಕರೆದುಕೊಂಡು ಹೋದರೆ ಕಾಲಿಡಲು ಜಾಗವಿರಲಿಲ್ಲ, ಕಸದ ಡಬ್ಬಿಯ ಪಕ್ಕ ಕೂತು ಉಂಡು ಬಂದಳು. ಪರಿಚಯದವರ ಹೊಲಕ್ಕೆ ಹೋಗೋಣವೆಂದರೆ, "ಮಂದಿ ಹೊಲದಾಗ ಉಣಬಹುದಪ್ಪಾ, ಚರಗ ಚೆಲ್ಲಾಕ ಬರಂಗಿಲ್ಲ. ಅದು ನಮ್ಮದೇ ಇರಬೇಕು" ಎನ್ನುತ್ತಾಳೆ. ಈ ವರ್ಷ ನನ್ನ ಹೆಂಡತಿ ಮಹಾದೇವಿಗೆ ಕನಿಕರ ಉಕ್ಕಿ ಬಂತು. "ಆಯಿ, ನಮ್ಮ ಮನಿಯವರ ಪಾರ್ಕ್ ಅದ ಅಲ್ಲಾ? ಎಷ್ಟ್ ಹಸರ ಅದ ಅಂತೀರಿ! ಅದು ನಮ್ಮದೇ ಅಂತ ತಿಳಕೊಳ್ರಿ. ಇಡೀ ಕಾಲೋನಿ ಅಲ್ಲೇ ಹೋಗೂಣು" ಎಂದುಬಿಟ್ಟಳು. ನಾನು ಅಲ್ಲಿಯೇ ಪೇಪರ್ ಓದುತ್ತಿದ್ದೆ. ಇಲ್ಲವೆನ್ನಬಹುದಿತ್ತು. ಆದರೆ ಆಯಿ, "ಹೌದೇನೋ ತಮ್ಮಾ?" ಎಂದು ನನ್ನ ಕಡೆ ತಿರುಗಿದ ರೀತಿಗೆ ನನ್ನ ಎದೆ ಒಂದಿಷ್ಟು ಉಬ್ಬಿತು. "ಅದರಾಗೇನದ ಆಯಿ, ಬರ್ರಿ" ಎಂದೆ.

ಅದರಾಗೇನದ ಅಂದರೆ ಗೇಟಿನ ಮೇಲೆ ಆಳೆತ್ತರದ ಬೋರ್ಡು ಅದ: ಹೊರಗಿನ ಆಹಾರಕ್ಕೆ ಪ್ರವೇಶವಿಲ್ಲ.

ಮರುದಿನವೇ ಮುಂಬೈಯವರ ಜೊತೆ ವಿಡಿಯೋ ಮೀಟಿಂಗಿನಲ್ಲಿ ಕೈ ಎತ್ತಿದೆ. ಒಂದು ದಿನದ ಮಟ್ಟಿಗೆ ಬುತ್ತಿ ಬಿಡಿ, ಟಿಕೆಟ್ ಕೊಂಡೇ ಬರುತ್ತಾರೆ ಎಂದು ನನಗೆ ಬರುವ ಹಿಂದಿಯಲ್ಲೆಲ್ಲ ಬೇಡಿಕೊಂಡೆ. ಪರದೆಯ ಮೇಲಿನ ಏಳೆಂಟು ಮುಖಗಳು ಗಂಭೀರವಾದವು. ಈ ಹಬ್ಬ ಯಾವ ವಯಸ್ಸಿನವರದು ಎಂದು ಒಬ್ಬರು ಕೇಳಿದರು. ಭೂಮಿತಾಯಿಗೆ ಎಷ್ಟು ವಯಸ್ಸೆಂದು ಹೇಳಲಿ? ಇನ್ನೊಬ್ಬ ಹೆಣ್ಣುಮಗಳು ತುಂಬಾ ಕಾಳಜಿಯಿಂದ, ಈ ಅಮಾವಾಸ್ಯೆಯನ್ನು ಭಾನುವಾರಕ್ಕೆ ಹಾಕಿಕೊಳ್ಳಲು ಆಗುತ್ತದೆಯೇ, ಆಗ ಪ್ರಚಾರ ಮಾಡಬಹುದು ಎಂದಳು. ನಾನು ಚಂದ್ರನನ್ನು ಕೇಳಿ ತಿಳಿಸುತ್ತೇನೆ ಎಂದೆ. ದಯವಿಟ್ಟು ಬೇಗ ತಿಳಿಸಿ ಎಂದಳು! ಎಲ್ಲರಿಗಿಂತ ಮೇಲಿನ ಸಾಹೇಬರು ಕೊನೆಗೆ ಬಾಯಿ ತೆರೆದು, ನಿಯಮವೆಂದರೆ ನಿಯಮ, ಬುತ್ತಿ ಒಳಗೆ ಬಂದರೆ ನೀವು ಹೊರಗೆ ಎಂದರು. ಅಷ್ಟಕ್ಕೇ ಬಿಡದೆ, ಅದೇ ದಿನ ತಾವೇ ಖುದ್ದಾಗಿ ಪಾರ್ಕು ನೋಡಲು ಬರುವುದಾಗಿಯೂ ಹೇಳಿದರು.

ಅಂದು ಬೆಳಿಗ್ಗೆ ಕಮಲಾಪುರದ ರಸ್ತೆಯ ತುಂಬ ಟೆಂಪೋ, ಟ್ರ್ಯಾಕ್ಟರು, ಬೈಕುಗಳು. ಎಲ್ಲರ ತೊಡೆಯ ಮೇಲೂ ಬುತ್ತಿ ಗಂಟು. ನಮ್ಮ ಕಾಲೋನಿಯವರು ಎರಡು ಟೆಂಪೋಗಳಲ್ಲಿ ಬಂದಿಳಿದರು. ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಶಾಹಿದಾ ಆಪಾ ಮೊದಲನೆಯ ಬುಟ್ಟಿಯ ಬಟ್ಟೆ ಸರಿಸಿ, ಮೂಗಿಗೆ ಬಡಿದ ಘಮಕ್ಕೆ ಒಂದು ಕ್ಷಣ ಕಣ್ಣು ಮುಚ್ಚಿ, ನನ್ನ ಹತ್ತಿರ ಓಡಿ ಬಂದಳು.

"ಸಾಬ್, ಚಾಕು ಚೂರಿ ಇದ್ರ ಹಿಡೀತಿದ್ದೆ. ಭಜ್ಜಿ ಹ್ಯಾಂಗ್ ಹಿಡೀಲಿ? ಖುದಾ ಮೆಚ್ಚತಾನೇನ್ರಿ?"

ಶಾಂತಮ್ಮಾಯಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ಬೋರ್ಡನ್ನು ಯಾರಿಂದಲೋ ಓದಿಸಿಕೊಂಡಿದ್ದಳು. "ಹೊರಗಿನ ಊಟ ಬ್ಯಾಡ ಅಂತ ಬರ್ದಾರಂತ. ಖರೆ ಅದ ತಮ್ಮಾ, ಹೋಟೆಲಿಂದು ತಿಂದ್ರ ಹೊಟ್ಟಿ ಕೆಡ್ತದ. ನಮ್ಮದು ಮನೀದು, ಇವರಿಗಿ ಹೇಳು" ಎಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಹಿಂದೆ ನಿಂತ ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಕಡೆ ನೌಕರಿ, ಇನ್ನೊಂದು ಕಡೆ ಈ ಮುದುಕಿಯ ಬುಟ್ಟಿ. ಈ ವಯಸ್ಸಿಗೆ ನನಗೆ ಬೇರೆ ನೌಕರಿ ಯಾರು ಕೊಡುತ್ತಾರೆ? ಆದರೆ ಆಯಿಯನ್ನು ವಾಪಸ್ಸು ಟೆಂಪೋ ಹತ್ತಿಸಲು ಈ ಕೈಗಳಿಂದ ಸಾಧ್ಯವಿರಲಿಲ್ಲ. "ಬಿಡ್ರಿ ಆಪಾ. ಎಲ್ಲಾರನ್ನೂ ಬಿಡ್ರಿ" ಎಂದೆ. ನಮ್ಮವರ ಹಿಂದೆ, ಎಲ್ಲಿದ್ದರೋ ಏನೋ, ಗುರುತು ಪರಿಚಯವಿಲ್ಲದ ಬುತ್ತಿಗಳೂ ಸಾಲಾಗಿ ಒಳಗೆ ಬಂದವು.

ಅಲೆಗಳ ಕೊಳದ ಪಕ್ಕದಲ್ಲಿ ನಮ್ಮದೊಂದು ದೊಡ್ಡ ಹುಲ್ಲುಹಾಸಿದೆ. ದೂರದಿಂದ ಕಣ್ಣಿಗೆ ತಂಪು. ಹತ್ತಿರ ಹೋದರೆ ಪ್ಲಾಸ್ಟಿಕ್ಕು. ಆಯಿ ಬಗ್ಗಿ ಕೈಯಾಡಿಸಿ ನೋಡಿದಳು. "ಇದು ಹುಲ್ಲಲ್ಲ ಬಿಡು. ಕೆಳಗ ಮಣ್ಣರೆ ಅದ ಇಲ್ಲೋ?" ಎಂದಳು. ಅದ ಎಂದೆ. "ಹಂಗಾದ್ರ ಮುಟ್ಟತದ" ಎಂದವಳೇ ಸೆರಗು ಸಿಕ್ಕಿಸಿ, ಕಲಸಿದ ಚರಗ ಹಿಡಿದು, ಕೂಗು ಹಾಕುತ್ತಾ ಪ್ಲಾಸ್ಟಿಕ್ಕಿನ ಮೇಲೆಲ್ಲ ಎರಚುತ್ತಾ ನಡೆದಳು. ಕಾಲೋನಿಯವರೆಲ್ಲ ಹಿಂದೆ ಕೂಗುತ್ತ ಹೊರಟರು. ಪೆಂಗ್ವಿನ್ ಕೂಡ ತಲೆ ಕಳಚಿಟ್ಟು ಅವರ ಜೊತೆ ಸೇರಿಕೊಂಡ.

ಸರಿಯಾಗಿ ಆಗಲೇ ಸಾಹೇಬರು ಬಂದು ಕ್ಯಾಮೆರಾ ಕೋಣೆಯಲ್ಲಿ ಕೂತಿದ್ದರು. ನನಗೆ ಬುಲಾವ್ ಬಂತು. ಪರದೆಯ ಮೇಲೆ ಒಬ್ಬ ಮುದುಕಿ ಅವರ ಆಮದು ಹುಲ್ಲಿನ ಮೇಲೆ ಮುಷ್ಟಿ ಮುಷ್ಟಿ ಅನ್ನ ಚೆಲ್ಲುತ್ತಿದ್ದಳು. ಇದೇನು ಪ್ರತಿಭಟನೆಯೇ, ಇವರ ಬೇಡಿಕೆ ಏನು ಎಂದು ಕೇಳಿದರು. ನಾನು ಅವರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹೇಗೂ ನೌಕರಿ ಹೋಯಿತು, ಇನ್ನು ಏನಂತೆ! ಆಯಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರಪ್ಪಾ ಈ ಹುಡಗ? ಮಾರಿ ಎಷ್ಟ್ ಒಣಗ್ಯಾದ! ಕುಂದರು, ಉಣ್ಣು" ಎಂದು ಕೈ ಹಿಡಿದು ಚಾದರದ ಮೇಲೆ ಕೂರಿಸಿಯೇಬಿಟ್ಟಳು. ಸಾಹೇಬರು ಮೊದಲು ಚಮಚ ಹುಡುಕಿದರು. ಆಮೇಲೆ ಹುಡುಕಲಿಲ್ಲ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಆಯಿ ಕೈಯ ಮೇಲೆಯೇ ತುಪ್ಪ ಸುರಿದಳು. ಮೂರನೆಯ ಹೋಳಿಗೆಗೆ ಬೆಲ್ಟು ಸಡಿಲಿಸಿದರು, ಅಂಬಲಿ ಕುಡಿದು ಅಲ್ಲೇ ಕೊಳದ ಗೋಡೆಗೆ ಒರಗಿ ಕಣ್ಣುಮುಚ್ಚಿದರು. ಎದ್ದಾಗ ನನ್ನ ಭುಜ ತಟ್ಟಿ, ನನಗೀಗ ಎಲ್ಲ ಅರ್ಥವಾಯಿತು ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ಖಾರವೂ ಇರಬಹುದು, ಆದರೆ ನಾನು ಕರಗಿ ನೀರಾದೆ. ಒಂದು ವಾರ ಬಿ.ಪಿ. ನಾರ್ಮಲ್ಲಿತ್ತು.

ಎಂಟನೆಯ ದಿನ ಆದೇಶ ಬಂತು. ಸಾಹೇಬರಿಗೆ ಅರ್ಥವಾದದ್ದು ಇಷ್ಟು: ಮುಂದಿನ ವರ್ಷದಿಂದ ಪಾರ್ಕಿನಲ್ಲಿ 'ಬುತ್ತಿ ಎಕ್ಸ್‌ಪೀರಿಯನ್ಸ್'. ರೊಟ್ಟಿ, ಭಜ್ಜಿ, ಹೋಳಿಗೆ ಎಲ್ಲವೂ ಕೌಂಟರಿನಲ್ಲಿ ಸಿಗುತ್ತವೆ. ಚರಗವನ್ನು ಸಣ್ಣ ಕಾಗದದ ಲೋಟದಲ್ಲಿ ಕೊಡಲಾಗುವುದು, ಗೆರೆ ಎಳೆದ ಜಾಗದಲ್ಲಿ ಮಾತ್ರ ಚೆಲ್ಲಬೇಕು. ಮನೆಯಿಂದ ಬುತ್ತಿ ತರುವುದಕ್ಕೆ ಅಂದು ವಿಶೇಷವಾಗಿ ನಿಷೇಧ. ನನಗೆ ಮೈಯೆಲ್ಲ ಉರಿದುಹೋಯಿತು. ಥೂ, ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ! ಆ ಮುದುಕಿ ಕೈಯಾರೆ ತುಪ್ಪ ಸುರಿದು ಉಣಿಸಿದ್ದನ್ನು ಈ ಮನುಷ್ಯ ಬೆಲೆಪಟ್ಟಿ ಮಾಡಿಬಿಟ್ಟನಲ್ಲ! ರಾಜೀನಾಮೆ ಮುಖಕ್ಕೆಸೆಯುತ್ತೇನೆಂದು ಫೋನು ಎತ್ತಿದೆ. ಅಷ್ಟರಲ್ಲಿ ಅವರದೇ ಫೋನು ಬಂತು. ಈ ನೆಲದ ನಾಡಿ ತಿಳಿದವರು ನೀವೊಬ್ಬರೇ, ಬುತ್ತಿ ವಿಭಾಗಕ್ಕೆ ನಿಮ್ಮನ್ನೇ ಹೆಡ್ ಮಾಡಿದ್ದೇನೆ, ಏ.ಸಿ. ಕೋಣೆ ಸಿದ್ಧವಾಗುತ್ತಿದೆ ಎಂದರು. ಬಾಯಲ್ಲಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ, "ಥ್ಯಾಂಕ್ಯೂ ಸರ್" ಎಂಬುದು ಮಾತ್ರ ಹೊರಗೆ ಬಂತು.

ಸಂಜೆ ಮಹಾದೇವಿ ನನ್ನ ಹೊಸ ಹುದ್ದೆಯ ವಿವರವನ್ನೆಲ್ಲ ಕೂತು ಕೇಳಿದಳು. ಕೊನೆಗೆ, "ಛಲೋ ಆತು ಬಿಡ್ರಿ. ಹಂಗಾದ್ರ ಬರೋ ವರ್ಷ ಆಯಿ ಎಲ್ಲಿ ಚರಗ ಚೆಲ್ಲಬೇಕು?" ಎಂದಳು.

"ಅಲ್ಲೇ ಚೆಲ್ಲಲಿ, ಯಾರ್ ಬ್ಯಾಡ ಅಂತಾರ? ಇಡೀ ಕಾಲೋನಿ ಕೂಡಿ ಬುಕ್ ಮಾಡಿದ್ರ ರಿಯಾಯಿತಿ ಕೊಡಸ್ತೀನಿ" ಎಂದೆ.

ಅವಳು ಎದ್ದು ಒಳಗೆ ಹೋದಳು. ಜಗಳವಾದರೂ ಆಡಬೇಕಾಗಿತ್ತು.

ಮರುದಿನ ಹೊರಡುವಾಗ ದಿನದಂತೆ ಕೈ ಚಾಚಿದರೆ ಟಿಫಿನ್ ಡಬ್ಬಿ ಇಲ್ಲ. "ಹೊರಗಿನ ಊಟ ಒಳಗ ಬಿಡಂಗಿಲ್ಲಲ್ರಿ? ನೀವೇ ಹೆಡ್ ಇದ್ದೀರಿ, ನೀವೇ ನಿಯಮ ಮುರದ್ರ ಹ್ಯಾಂಗ? ಅಲ್ಲೇ ಕೊಂಡು ಉಣ್ರಿ" ಎಂದು ಬಾಗಿಲು ಹಾಕಿಕೊಂಡಳು. ಇವತ್ತಿಗೂ ಅದೇ ನಡೆದಿದೆ. ಪ್ರಯೋಗಕ್ಕೆಂದು ಆಗಲೇ ಶುರುವಾದ ಬುತ್ತಿ ಕೌಂಟರಿನಲ್ಲಿ ನಿತ್ಯ ಗಿರಾಕಿ ಎಂದರೆ ನಾನೊಬ್ಬನೇ. ಮಷೀನು ಕತ್ತರಿಸಿದ ರಟ್ಟಿನಂಥ ರೊಟ್ಟಿಯನ್ನು ತಣ್ಣನೆಯ ಭಜ್ಜಿಯಲ್ಲಿ ಅದ್ದಿ ನೆನೆಸುತ್ತಾ ಕೂತಿದ್ದಾಗ ಮೊನ್ನೆ ಮುಂಬೈಯಿಂದ ಸಾಹೇಬರು ಫೋನು ಮಾಡಿ, ಹೇಗಿದೆ ನಮ್ಮ ಬುತ್ತಿ ಎಂದು ಕೇಳಿದರು. ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನೀರು ಕುಡಿದು, ಎದ್ದು ನಿಂತು, "ಥೇಟ್ ಮನೆ ಊಟದ ಹಾಗೇ ಇದೆ ಸರ್" ಎಂದೆ.