ಹಗುರ ಬೈಕ್ ಹುಡುಕಿ ಬಂದವರು

ಬೈಕ್ ಮಾರುವುದು ನಗುವ ಕೆಲಸ ಅಲ್ಲ. ಹೊಸತಾಗಿ ಕಲಿತವರ ಕೈಗೆ ಕೀ ಕೊಟ್ಟು ಕಳಿಸಿದ ಮೇಲೆ, ಅವರು ಮೊದಲ ಸರ್ವೀಸಿಗೆ ತಾವೇ ಓಡಿಸಿಕೊಂಡು ಬರುವವರೆಗೆ ನನಗೆ ಒಳಗೊಳಗೇ ಒಂದು ಹೆದರಿಕೆ ಇರುತ್ತದೆ. ಹಾಗಾಗಿ ಗಿರಾಕಿಗಳ ಎದುರು ನಾನು ನಗುವುದು ಕಡಿಮೆ. ಆದರೆ ನಾನು ಎಷ್ಟು ಗಂಭೀರವಾಗಿ ನಿಂತರೂ ನಮ್ಮ ಶೋರೂಮಿನಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ.

ಶೋರೂಮ್ ಇರುವುದು ಬಂಟ್ವಾಳದ ಬಿ.ಸಿ. ರೋಡಿನಲ್ಲಿ. ನಾನು ಅಲ್ಲಿ ಸೇಲ್ಸಿನಲ್ಲಿದ್ದೇನೆ. ಮೊದಮೊದಲು ಜನ ನನ್ನನ್ನು ನೋಡಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಗಂಡಸರನ್ನು ಕರೆದರೆ ಅವರು ಬಂದು ನನ್ನನ್ನೇ ಕರೆಯುತ್ತಾರೆ ಎಂದು ಗೊತ್ತಾಗಿದೆ.

ಹೊಸಬರಿಗೆ ನಾನು ಹೆಚ್ಚಾಗಿ ತೋರಿಸುವುದು ರೋಡ್‌ಸ್ಟರ್ ಎಂಬ ಜಾತಿಯ ಬೈಕನ್ನು. ರೇಸ್ ಬೈಕಿನ ಹಾಗೆ ಟ್ಯಾಂಕಿನ ಮೇಲೆ ಮಲಗಬೇಕೆಂದಿಲ್ಲ, ಗುಡುಗುಡು ಸದ್ದಿನ ದೊಡ್ಡ ಬೈಕಿನಷ್ಟು ಭಾರವೂ ಇಲ್ಲ. ನೆಟ್ಟಗೆ ಕೂತು, ಅಗಲದ ಹ್ಯಾಂಡಲ್ ಹಿಡಿದರೆ ಹೇಳಿದ ಕಡೆ ತಿರುಗುತ್ತದೆ. ಎಂಜಿನ್ ತೀರಾ ಸಣ್ಣದಲ್ಲ, ಹೆದರಿಸುವಷ್ಟು ದೊಡ್ಡದೂ ಅಲ್ಲ. ಇಷ್ಟನ್ನು ನಾನು ಎಲ್ಲರಿಗೂ ಒಂದೇ ರೀತಿ ಹೇಳುತ್ತೇನೆ. ಕೇಳಿದವರು ಎಂತ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ನನ್ನ ಕೈಯಲ್ಲಿಲ್ಲ.

ಹೆಸರಿನ ಪ್ರಕಾರ

ಒಮ್ಮೆ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟುಕೊಂಡಿರುವ ಒಬ್ಬರು ಬಂದರು. ಐವತ್ತು ದಾಟಿದವರು. ಇಷ್ಟು ವರ್ಷ ಸ್ಕೂಟರ್ ಓಡಿಸಿದವರು, ಈಗ ಗೇರಿನ ಬೈಕ್ ಕಲಿತಿದ್ದರು. ಬಿಳಿ ಪಂಚೆಯ ತುದಿ ಹಿಡಿದುಕೊಂಡು ನನ್ನ ಮಾತನ್ನೆಲ್ಲ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತವರ ಹಾಗೆ ಕೇಳಿದರು. ಬೈಕಿನ ಮೇಲೆ ಕೂತು ನೋಡಿದರು, ಕನ್ನಡಿ ಸರಿಮಾಡಿಕೊಂಡರು, ಎರಡೂ ಕಾಲು ನೆಲಕ್ಕೆ ಮುಟ್ಟಿದಾಗ ತಲೆದೂಗಿದರು.

"ಇದಕ್ಕೆ ಎಂತ ಹೆಸರು ಹೇಳಿದ್ದು ನೀವು?"

"ರೋಡ್‌ಸ್ಟರ್."

"ಅಂದರೆ ರೋಡಿನಲ್ಲಿ ಹೋಗುವಂಥದ್ದು."

"ಹೌದು. ಒಳ್ಳೆಯ ರೋಡಿನಲ್ಲಿ ಆರಾಮವಾಗಿ ಹೋಗಲಿಕ್ಕೆ."

ಅವರು ಗಾಜಿನ ಆಚೆ ನೋಡಿದರು. ನಾನೂ ನೋಡಿದೆ. ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮಲ್ಲಿ ಮೊದಲಾಗಿ ಎಷ್ಟು ಕಾಲವಾಯಿತೆಂದು ಕೇಳಿದರೆ ಯಾರಿಗೂ ಸರಿಯಾಗಿ ಹೇಳಲಿಕ್ಕಾಗುವುದಿಲ್ಲ. ಒಂದು ಲಾರಿ ಹೊಂಡಕ್ಕೆ ಇಳಿದು ಮೇಲೆ ಬಂತು. ಅದರ ಹಿಂದೆ ಎದ್ದ ಕೆಂಪು ಧೂಳಿನಲ್ಲಿ ಎದುರಿನ ಔಷಧದ ಅಂಗಡಿ ಕಾಣದಾಯಿತು.

ಅವರು ಬೈಕಿನಿಂದ ಇಳಿದರು. ಬೇಸರ ಇಲ್ಲ, ಕುಹಕ ಇಲ್ಲ. ತಮ್ಮ ಫೋನ್ ನಂಬರ್ ಬರೆಸಿ ಹೇಳಿದರು:

"ಬೈಕ್ ಲಾಯ್ಕುಂಟು. ರೋಡ್ ಬಂದ ಕೂಡಲೇ ನನಗೊಂದು ಫೋನ್ ಮಾಡಿ."

ಕಾಲು ಎಲ್ಲಿ ಇಡುವುದು

ಹಬ್ಬದ ಮೊದಲು ನಾವು ಊರೂರಿಗೆ ಬೈಕ್ ಒಯ್ದು ಜನರಿಗೆ ಓಡಿಸಲಿಕ್ಕೆ ಕೊಡುವುದುಂಟು. ಆ ಸಲ ಮೂಡುಬಿದಿರೆಯ ಒಂದು ಮೈದಾನದಲ್ಲಿ ಶಾಮಿಯಾನ ಹಾಕಿದ್ದೆವು. ಮೊಬೈಲ್ ರಿಪೇರಿ ಅಂಗಡಿಯ ಯುವಕನೊಬ್ಬ ಇಬ್ಬರು ಗೆಳೆಯರ ಜೊತೆ ಬಂದ. ಲೈಸೆನ್ಸ್ ಆಗಷ್ಟೇ ಸಿಕ್ಕಿತ್ತು. ಆಳು ಗಿಡ್ಡ, ಆಸೆ ಎತ್ತರ. ಎಲ್ಲಕ್ಕಿಂತ ದೊಡ್ಡ ಬೈಕನ್ನೇ ತೋರಿಸಿದ.

"ಅದು ನಿಮಗೆ ಎತ್ತರ ಆಗ್ತದೆ. ಈ ಹಗುರದ್ದನ್ನು ನೋಡುವ," ಎಂದೆ.

"ಹಗುರದ್ದಕ್ಕೆ ಒಂದು ಗತ್ತು ಇರುವುದಿಲ್ಲ ಅಕ್ಕ."

"ದಿನಾ ಎಲ್ಲಿಂದ ಎಲ್ಲಿಗೆ ಹೋಗುವುದು ನೀವು?"

"ಮನೆಯಿಂದ ಅಂಗಡಿಗೆ."

"ಎಷ್ಟು ದೂರ?"

"ಎದುರೇ."

ಬೇಡ ಎಂದರೆ ಕೇಳುವ ಹಾಗಿರಲಿಲ್ಲ. ಗೆಳೆಯರಿಬ್ಬರು ಆಚೆ ಈಚೆ ಬೈಕ್ ಹಿಡಿದುಕೊಂಡರು, ಇವನು ಹತ್ತಿ ಕೂತ. ಹೆಬ್ಬೆರಳಿನ ತುದಿ ಕೂಡ ನೆಲಕ್ಕೆ ಮುಟ್ಟಲಿಲ್ಲ. ಆದರೆ ಗೇರು ಹಾಕಿ ಹೊರಟದ್ದು ಮಾತ್ರ ನಯವಾಗಿಯೇ. ಮೈದಾನಕ್ಕೆ ಒಂದು ಸುತ್ತು ಬಂದು ನಮ್ಮ ಎದುರು ಹಾದುಹೋಗುವಾಗ ಕೂಗಿದ:

"ಭಾರೀ ಲಾಯ್ಕುಂಟು ಅಕ್ಕಾ!"

ಇನ್ನೊಂದು ಸುತ್ತು. "ಬ್ರೇಕು ಕೂಡ ಲಾಯ್ಕುಂಟು!"

"ಹಾಗಾದರೆ ನಿಲ್ಲಿಸಿ," ಎಂದೆ. ಅಷ್ಟರಲ್ಲಿ ಅವನು ದಾಟಿ ಹೋಗಿದ್ದ. ಉತ್ತರ ಬಂದದ್ದು ಮತ್ತೊಂದು ಸುತ್ತು ಆದ ಮೇಲೆ.

"ನಿಲ್ಲಿಸಿದರೆ ಕಾಲು ಎಲ್ಲಿ ಇಡುವುದು?"

ಅದರ ಮುಂದಿನ ಸುತ್ತಿನಲ್ಲಿ ಗತ್ತು ಪೂರಾ ಇಳಿದಿತ್ತು. "ಯಾರಾದರೂ ಹಿಡಿಯಲಿಕ್ಕೆ ಬನ್ನಿ ಮಾರಾಯ್ರೆ!"

ಗೆಳೆಯರನ್ನು ಸ್ವಲ್ಪ ಮುಂದೆ ಎರಡೂ ಬದಿಯಲ್ಲಿ ನಿಲ್ಲಿಸಿದೆ. ನಿಧಾನ ಮಾಡಿ ಅವರ ನಡುವೆ ತರಲಿಕ್ಕೆ ಕೂಗಿ ಹೇಳಿದೆ. ತಂದ. ಅವರು ಕರುವನ್ನು ಹಿಡಿದ ಹಾಗೆ ಬೈಕನ್ನು ಅಪ್ಪಿ ಹಿಡಿದರು. ಅವನು ಇಳಿದು ನೆಲದ ಮೇಲೆ ನಿಂತು, ಎರಡೂ ಪಾದಗಳನ್ನು ಒಮ್ಮೆ ಒತ್ತಿ ನೋಡಿ, ಹಗುರದ ರೋಡ್‌ಸ್ಟರನ್ನು ಬುಕ್ ಮಾಡಿದ.

ಇಷ್ಟು ಹೊತ್ತೂ ಮೈದಾನದ ಕಟ್ಟೆಯಲ್ಲಿ ಒಬ್ಬ ಹಿರಿಯರು ಕೂತು ನೋಡುತ್ತಿದ್ದರು. ಎದ್ದು ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಹರಕೆ ತೀರಿತಾ ಅವರದ್ದು?"

ಹಿಂದಿನ ಸೀಟು

ನಮ್ಮಲ್ಲಿ ಬೈಕ್ ಓಡಿಸುವವನು ಒಬ್ಬ, ಆರಿಸುವವನು ಇನ್ನೊಬ್ಬ. ಆರಿಸುವವನು ಹೆಚ್ಚಾಗಿ ಗಲ್ಫಿನಲ್ಲಿ ಇರುತ್ತಾನೆ.

ಬೆಳ್ತಂಗಡಿ ಕಡೆಯ ಒಂದು ಬ್ಯಾರಿ ಕುಟುಂಬ ಹಾಗೆ ಬಂದಿತ್ತು. ಮಗನಿಗೆ ಉಜಿರೆಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತ್ತು, ಅದಕ್ಕೆ ಬೈಕ್. ಜೊತೆಗೆ ಅವನ ತಾಯಿ, ಅವನು ಕರೆಯುವ ಹಾಗೆ ಉಮ್ಮ. ಉಮ್ಮನ ಕೈಯಲ್ಲಿ ಫೋನ್, ಫೋನಿನಲ್ಲಿ ಸೌದಿಯಲ್ಲಿರುವ ತಂದೆ, ಅವನ ಉಪ್ಪ.

ಉಪ್ಪ ಬಹಳ ಶ್ರದ್ಧೆಯ ಮನುಷ್ಯ. "ಟಯರ್ ತೋರಿಸು. ಇನ್ನೂ ಹತ್ತಿರ ಹಿಡಿ. ಎಂಜಿನ್ ಕಡೆ ಹೋಗು. ನಿಲ್ಲು, ನಿಲ್ಲು, ಅದು ನಿನ್ನ ಬೆರಳು." ಉಮ್ಮ ಫೋನ್ ಹಿಡಿದುಕೊಂಡು ಬಗ್ಗಿ, ಎದ್ದು, ಸುತ್ತಿ ಬಸವಳಿದರು. ಮಗನನ್ನು ಯಾರೂ ಕೇಳಲಿಲ್ಲ. ಅವನು ಕೈಕಟ್ಟಿ ನಿಂತಿದ್ದ.

ಕೊನೆಗೆ ಉಪ್ಪ, "ಹಿಂದಿನ ಸೀಟ್ ತೋರಿಸು," ಎಂದರು. ನಾನು ತೋರಿಸುತ್ತಿದ್ದ ರೋಡ್‌ಸ್ಟರಿನಲ್ಲಿ ಹಿಂದಿನ ಸೀಟೆಂದರೆ ಅಂಗೈ ಅಗಲದ್ದು, ಅದೂ ಮೇಲಕ್ಕೆ ಎದ್ದು ನಿಂತದ್ದು.

"ಮೇಡಂ, ಇದರಲ್ಲಿ ಹಿಂದೆ ಕೂತು ದೂರ ಹೋಗಲಿಕ್ಕೆ ಆಗ್ತದಾ?"

"ಆಗ್ತದೆ. ಆದರೆ ಆರಾಮ ಅಂತ ನಾನು ಹೇಳುವುದಿಲ್ಲ."

"ಆರಾಮ ಬೇಡವೇ ಬೇಡ," ಎಂದರು ಉಪ್ಪ, ಸಮಾಧಾನದಿಂದ. "ಗೆಳೆಯರನ್ನು ಕೂರಿಸಿಕೊಂಡು ತಿರುಗುವುದು ತಪ್ತದೆ. ಇದೇ ಆಗಲಿ."

ಉಮ್ಮ ಫೋನನ್ನು ತಮ್ಮ ಮುಖದ ಕಡೆಗೆ ತಿರುಗಿಸಿಕೊಂಡರು. "ಮತ್ತೆ ನಾನು ಎಲ್ಲಿ ಕೂರುವುದು? ಮದುವೆಗೆ, ಆಸ್ಪತ್ರೆಗೆ, ನನ್ನ ತಾಯಿಯನ್ನು ನೋಡಲಿಕ್ಕೆ ಇಷ್ಟು ವರ್ಷ ಬಸ್ಸಿಗೆ ಕಾದದ್ದು ಸಾಲದಾ? ನೀವು ಬಂದು ಕರಕೊಂಡು ಹೋಗ್ತೀರಾ?"

ಉಪ್ಪ ಅಲುಗಾಡಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಕಣ್ಣು ಒಂದೇ ಕಡೆ ನೆಟ್ಟಿತ್ತು.

"ನೆಟ್‌ವರ್ಕ್ ಹೋಯ್ತು," ಎಂದ ಮಗ.

ನಾನೂ ಬಗ್ಗಿ ನೋಡಿದೆ. ಉಪ್ಪ ಕಲ್ಲಿನ ಹಾಗೆ ಇದ್ದರು. ಅವರ ತಲೆಯ ಹಿಂದೆ ಗೋಡೆಯ ಫ್ಯಾನ್ ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಉಮ್ಮ ಫೋನನ್ನು ಮೇಜಿಗೆ ಒರಗಿಸಿಟ್ಟು ತಾವೇ ಒಂದೊಂದು ಬೈಕಿನ ಹಿಂದೆ ಹತ್ತಿ ಕೂತು ನೋಡಿದರು. ಉದ್ದ ಸೀಟು, ಹಿಡಿಯಲಿಕ್ಕೆ ಗಟ್ಟಿ ಸರಳು ಇರುವ ಇನ್ನೊಂದು ರೋಡ್‌ಸ್ಟರ್ ಅವರಿಗೆ ಹಿಡಿಸಿತು. ಮಗನಿಗೆ ಅದೂ ಹಗುರವೇ, ಕಾಲು ನೆಲಕ್ಕೆ ಮುಟ್ಟುತ್ತಿತ್ತು. ಉಮ್ಮ ಫೋನಿನ ಕಡೆ ನೋಡದೆಯೇ, "ಇದು ಆಗಲಿ," ಎಂದರು.

ನೆಟ್‌ವರ್ಕ್ ತಕ್ಷಣ ಬಂತು.

"ನಾನೂ ಅದನ್ನೇ ಹೇಳುವ ಅಂತ ಇದ್ದೆ," ಎಂದರು ಉಪ್ಪ.

ಎತ್ತಿ ನೋಡುವುದು

ಕೊಕ್ಕಡದಿಂದ ಒಂದು ದಿನ ಮೂವರು ಬಂದರು. ತಂದೆ, ತಾಯಿ, ಮಗಳು. ತಂದೆ ಊರುಗೋಲು ಹಿಡಿದುಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತವರು ಮಾತಾಡಲಿಲ್ಲ. ಮಗಳದ್ದು ಜೇನು ಸಾಕುವವರ ಮನೆಗಳಿಗೆ ಹೋಗಿ ಪೆಟ್ಟಿಗೆ ನೋಡಿಬರುವ ಕೆಲಸ. ದಾರಿಯೆಲ್ಲ ಜಲ್ಲಿ, ಏರು, ತಿರುವು. ಕೆಲಸದ ಜಾಗದಲ್ಲಿ ಕೊಟ್ಟ ಸ್ಕೂಟರಿನ ಸಣ್ಣ ಚಕ್ರ ಜಲ್ಲಿಯಲ್ಲಿ ಜಾರುತ್ತದೆಂದು ಅವಳು ಬೈಕ್ ಕಲಿತಿದ್ದಳು.

ತಾಯಿ ನನ್ನನ್ನು ಬದಿಗೆ ಕರೆದು ತುಳುವಿನಲ್ಲಿ ಕೇಳಿದರು, "ಮೈಲೇಜು ಗೀಲೇಜು ಎಲ್ಲ ಆಮೇಲೆ. ಇದರಲ್ಲಿ ನನಗೆ ಎತ್ತಲಿಕ್ಕೆ ಆಗುವಂಥದ್ದು ಯಾವುದು?"

"ಎತ್ತುವುದು ಅಂದರೆ?"

ಅವರು ಬಲಗೈ ಬಿಡಿಸಿ ತೋರಿಸಿದರು. ಅಂಗೈ ತುಂಬ ಹಳೆಯ ಸುಟ್ಟ ಕಲೆ.

ಕೆಲವು ವರ್ಷಗಳ ಹಿಂದೆ ಗಂಡ ಯಾರದೋ ದೊಡ್ಡ ಬೈಕ್ ತಂದಿದ್ದರಂತೆ. ಇಬ್ಬರೂ ಮನೆಗೆ ಬರುವಾಗ ಪಾಚಿ ಹಿಡಿದ ಇಳಿಜಾರಿನಲ್ಲಿ ಬೈಕ್ ಮಗುಚಿತು. ಇವರು ಹುಲ್ಲಿನ ಮೇಲೆ ಬಿದ್ದು ಪಾರಾದರು. ಗಂಡನ ಕಾಲು ಬೈಕಿನ ಅಡಿಗೆ ಸಿಕ್ಕಿತು. ಇವರು ಸೈಲೆನ್ಸರನ್ನೇ ಹಿಡಿದು ಎಳೆದರು, ಕೈ ಸುಟ್ಟದ್ದು ಆಗ ಗೊತ್ತಾಗಲಿಲ್ಲ. ಬೈಕ್ ಅಲುಗಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ ಮನೆ ಇಲ್ಲ. ಹಾಲಿನ ವ್ಯಾನ್ ಬರುವವರೆಗೆ ಗಂಡನ ತಲೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮಗಳಿಗೆ ಬೇಡ ಅಂತ ಹೇಳಲಿಕ್ಕೆ ನನಗೆ ಆಗುವುದಿಲ್ಲ," ಎಂದರು. "ಅವಳಿಗೆ ಆ ಕೆಲಸ ಇಷ್ಟ. ಆದರೆ ಬಿದ್ದರೆ ಎತ್ತುವುದು ಯಾರು? ನನಗೂ ಎತ್ತಲಿಕ್ಕೆ ಆಗಬೇಕು, ಅವಳಿಗೂ ಆಗಬೇಕು. ಮಲಗಿಸಿ, ಎತ್ತಿ ನೋಡ್ತೇನೆ."

ಮ್ಯಾನೇಜರ್ ಓಡಿ ಬಂದರು. "ಅಮ್ಮಾ, ಬೈಕನ್ನು ಮಲಗಿಸಿ ತೋರಿಸುವ ಪದ್ಧತಿ ನಮ್ಮಲ್ಲಿ ಇಲ್ಲ."

"ಬೀಳುವ ಪದ್ಧತಿ ಉಂಟಲ್ಲ," ಎಂದರು ತಾಯಿ.

ಮ್ಯಾನೇಜರ್ ನನ್ನ ಮುಖ ನೋಡಿದರು. "ಹಿತ್ತಿಲಿನಲ್ಲಿ ಮಾಡುವ ಸರ್, ಟೆಸ್ಟ್ ರೈಡಿನ ಬೈಕಿನಲ್ಲಿ," ಎಂದೆ. ಗೋಣಿಚೀಲ ಹಾಸಿದೆವು, ಅದರ ಮೇಲೆ ಹಳೆಯ ಹಾಸಿಗೆ. ದೊಡ್ಡ ಬೈಕನ್ನು ಮೊದಲು ಮಲಗಿಸಿದೆವು, ಯಾಕೆಂದರೆ ಅದನ್ನೂ ನೋಡಬೇಕೆಂದು ಅವರು ಹಟ ಹಿಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದರು. ಮುಖ ಕೆಂಪಾಯಿತು, ಬೈಕ್ ಒಂದು ಗೇಣು ಎದ್ದು ಮತ್ತೆ ಮಲಗಿತು. ಅವರು ಅದರ ಕಡೆ ನೋಡುತ್ತ ನಿಂತರು. ಯಾವ ದಿನವನ್ನು ನೆನೆಸಿಕೊಳ್ಳುತ್ತಿದ್ದಾರೆಂದು ಹೇಳಬೇಕಾಗಿರಲಿಲ್ಲ. ತಂದೆ ಕುರ್ಚಿ ಬಿಟ್ಟು ಎದ್ದು ಬಂದು ಗೋಡೆಗೆ ಒರಗಿದ್ದರು.

ಆಮೇಲೆ ಹಗುರದ ರೋಡ್‌ಸ್ಟರ್ ಮಲಗಿಸಿದೆವು. "ಎದುರಿನಿಂದ ಎಳೆಯಬೇಡಿ ಅಮ್ಮ," ಎಂದು ನಾನು ತೋರಿಸಿಕೊಟ್ಟೆ. "ಬೆನ್ನು ಬೈಕಿಗೆ ಕೊಡಿ, ಸೊಂಟ ಸೀಟಿಗೆ ತಾಗಲಿ. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಹಿಂದಿನ ಸರಳಿಗೆ. ಮೊಣಕಾಲು ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತ ಏಳಿ."

ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಬಗ್ಗಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬೈಕ್ ಎದ್ದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆ ಮಾಡುವುದು ಸರಿ ಅಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಅನಿಸಿತ್ತು.

"ಈಗ ನೀನು," ಎಂದರು ಮಗಳಿಗೆ. ಅವಳೂ ಎತ್ತಿದಳು.

"ಎಷ್ಟು ತೂಕ ಇದಕ್ಕೆ?" ಎಂದು ಕೇಳಿದರು ತಾಯಿ, ಉಸಿರು ತೆಗೆದುಕೊಳ್ಳುತ್ತ.

"ಸುಮಾರು ಒಂದೂವರೆ ಕ್ವಿಂಟಾಲ್."

ಅವರು ಗಂಡನ ಕಡೆ ಒಮ್ಮೆ ನೋಡಿ ಹೇಳಿದರು: "ಇವರನ್ನು ಹಾಸಿಗೆಯಿಂದ ಎತ್ತುವುದಕ್ಕಿಂತ ಸುಲಭ ಉಂಟು."

ಮಗಳು ತಲೆ ತಗ್ಗಿಸಿದಳು. ಆ ದಿನ ಬಿದ್ದದ್ದು, ತಂದೆ ಹಾಸಿಗೆ ಹಿಡಿದ ತಿಂಗಳುಗಳು, ಇದರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲವೆಂದು ಅವಳು ಆಮೇಲೆ ನನಗೆ ಹೇಳಿದಳು. ಮ್ಯಾನೇಜರ್ ಸುಮ್ಮನೆ ಗೋಣಿಚೀಲ ಸರಿಮಾಡತೊಡಗಿದರು.

ಬಂದಾಗಿನಿಂದ ಬಾಯಿ ಬಿಡದಿದ್ದ ತಂದೆ ಆಗ ಮಾತಾಡಿದರು.

"ಸುಲಭ ಆಗದೆ ಎಂತ? ಅದಕ್ಕೆ ಹ್ಯಾಂಡಲ್ ಉಂಟು. ನನಗೆ ಎಲ್ಲಿ ಉಂಟು?"

ಮೊದಲು ನಕ್ಕದ್ದು ತಾಯಿ. ಸೆರಗು ಬಾಯಿಗೆ ಒತ್ತಿಕೊಂಡು, ಆಗಷ್ಟೇ ಎತ್ತಿ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಕೈ ಊರಿ, ಮೈ ಕುಲುಕುವಷ್ಟು ನಕ್ಕರು. ಮಗಳು ನಕ್ಕಳು, ಮ್ಯಾನೇಜರ್ ನಕ್ಕರು, ನಾನಂತೂ ಮುಖ ತಿರುಗಿಸಿಕೊಂಡೆ. ತಂದೆ ಒಬ್ಬರೇ ನಗದೆ, ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂಬ ಹಾಗೆ ನಿಂತಿದ್ದರು.

ಕೊನೆಗೆ ತಾಯಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಬೇರೆ ಬಣ್ಣ ಯಾವುದೆಲ್ಲ ಉಂಟು?"